ಗದೆಯ ತೂಕ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ಹಾರ್ಮೋನಿಯಂ ದನಿ ಕೇಳತೊಡಗುತ್ತದೆ. ಹಗಲೆಲ್ಲ ಕಬ್ಬು ಕಡಿದವರು, ಗದ್ದೆಗೆ ನೀರು ಕಟ್ಟಿದವರು ರಾತ್ರಿ ಗುಡಿಯ ಜಗಲಿಯಲ್ಲಿ ಕಲೆತು ನಾಟಕದ ಮೇಷ್ಟರಿಗೆ ತಮ್ಮ ತಮ್ಮ ಕಂದಪದ್ಯಗಳನ್ನು ಒಪ್ಪಿಸುತ್ತಾರೆ. ಅವರು ಹೆಚ್ಚಾಗಿ ಕಲಿಯುವ ನಾಟಕಗಳಲ್ಲಿ ‘ಕುರುಕ್ಷೇತ್ರ’ವೂ ಒಂದು. ಗುಬ್ಬಿ ವೀರಣ್ಣನವರ ಕಂಪೆನಿಯು 1934ರಲ್ಲಿ ನಿಜವಾದ ಆನೆ ಕುದುರೆಗಳನ್ನೇ ತಂದು ಈ ಕಥೆಯನ್ನು ಆಡಿ ನಾಡಿನಲ್ಲೆಲ್ಲ ಹೆಸರಾಗಿತ್ತು. ಹಳ್ಳಿಯ ರಂಗದಲ್ಲಿ ಆನೆಗೆ ಎಡೆಯೆಲ್ಲಿ? ಆದರೆ ಗದೆಯಿಲ್ಲದೆ ಕುರುಕ್ಷೇತ್ರ ಮುಗಿಯುವಂತಿಲ್ಲ. ಕೊಳದಿಂದ ಎದ್ದುಬಂದ ದುರ್ಯೋಧನನೂ ಭೀಮನೂ ಎದುರುಬದುರಾಗುವ ಆ ಸನ್ನಿವೇಶ ಹತ್ತನೆಯ ಶತಮಾನದ ರನ್ನನ ಕಾವ್ಯಕ್ಕೆ ಹೆಸರನ್ನೇ ಕೊಟ್ಟಿತು.

ಇಲ್ಲಿ ಪಾತ್ರಧಾರಿಗಳಿಗೆ ಸಂಬಳವಿಲ್ಲ. ಪಾತ್ರ ಬೇಕೆಂದವರು ತಾವೇ ಹಣ ಹಾಕುತ್ತಾರೆ. ದುರ್ಯೋಧನನ ಪಾತ್ರಕ್ಕೆ ಪಾಲು ಹೆಚ್ಚು. ತಿಂಗಳುಗಟ್ಟಲೆಯ ಅಭ್ಯಾಸವೆಲ್ಲ ಒಂದೇ ರಾತ್ರಿಗೆ. ಬೆಳಗಿನ ಜಾವ ನೆಂಟರಿಷ್ಟರು ಕಣ್ಣುಜ್ಜಿಕೊಂಡು ಕಾದಿರುವಾಗ ಗದೆಯ ತಲೆ ಕಳಚಿ ಉರುಳಿತೆಂದರೆ ಕೌರವನ ಮರಣ ನಗೆಪಾಟಲಾಗುತ್ತದೆ. ಕಿರೀಟ, ಭುಜಕೀರ್ತಿಗಳ ಜೊತೆಗೆ ಗದೆಯೂ ಸೀನರಿಯವರಲ್ಲಿ ಬಾಡಿಗೆಗೆ ಸಿಗುವುದುಂಟು. ಆದರೆ ಹತ್ತೂರಿನ ಭೀಮರು ಬೀಸಿದ ಗದೆಯನ್ನು ನಂಬುವುದಕ್ಕಿಂತ ಸ್ವಂತಕ್ಕೊಂದನ್ನು ಮಾಡಿಕೊಳ್ಳುವುದು ಲೇಸು.

ಬೇಕಾದುದೆಲ್ಲ ಸಂತೆಯಲ್ಲಿ ದೊರೆಯುತ್ತದೆ: ದೊಡ್ಡದೊಂದು ಬಲೂನು, ಮೈದಾಹಿಟ್ಟು, ಹುರಿ, ಬಂಗಾರದ ಬಣ್ಣ. ಹಿಡಿಗೆ ಮೂರಡಿಯ ಒಣಬಿದಿರು ಸಾಕು. ನಲ್ಲಿಗೆ ಹಾಕುವ ಪ್ಲಾಸ್ಟಿಕ್ ಕೊಳವೆಯೂ ಆದೀತು. ಊದಿದ ಬಲೂನಿನ ಮೇಲೆ ಹಳೆಯ ಪತ್ರಿಕೆಯ ತುಂಡುಗಳನ್ನು ಅಂಟಿನಲ್ಲಿ ಅದ್ದಿ ಹಚ್ಚಬೇಕು. ಕಾಗದವನ್ನು ಕತ್ತರಿಸದೆ ಕೈಯಿಂದ ಹರಿಯುವುದು ಮೇಲು. ಹರಿದ ಅಂಚು ತೆಳುವಾಗಿ ಒಂದರೊಳಗೊಂದು ಬೆರೆಯುತ್ತದೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು, ಹೀಗೆ ಆರೇಳು ಪದರ. ಅವಸರಪಟ್ಟು ಮೊದಲ ಪದರವನ್ನೇ ಬಿಸಿಲಿಗೆ ಇಡಬಾರದು. ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ ಬಲೂನು ಒಡೆದೀತು. ಅಂಟಿಗೆ ಹುಳು ಬೀಳದಂತೆ ಮೈಲುತುತ್ತ ಬೆರೆಸುವವರಿದ್ದಾರೆ, ಅದು ವಿಷ. ನೆನೆಸಿ ರುಬ್ಬಿದ ಮೆಂತ್ಯವೇ ವಾಸಿ. ನೆನೆದ ಕಾಗದವನ್ನೂ ಮೆಂತ್ಯವನ್ನೂ ಕೂಡಿಸಿ ಮೊರಕ್ಕೆ ಬಳಿಯುವ ಹೆಂಗಸರಿಗೆ ಈ ವಿದ್ಯೆ ಯಾರೂ ಹೇಳಿಕೊಡಬೇಕಾದುದಲ್ಲ.

ಗದೆ ಮುರಿಯುವುದು ಕುತ್ತಿಗೆಯಲ್ಲಿ. ಹಿಡಿಯನ್ನು ತಲೆಯ ತಳಕ್ಕೆ ಮಾತ್ರ ಸಿಕ್ಕಿಸಿದರೆ ಬೀಸಿದಾಗಿನ ಬಲವೆಲ್ಲ ಆ ಒಂದು ತೂತಿನ ಅಂಚಿನ ಮೇಲೆ ಬಿದ್ದು ಕಾಗದ ಹರಿಯುತ್ತದೆ. ಬಿದಿರು ತಲೆಯನ್ನು ತೂರಿಕೊಂಡು ನೆತ್ತಿಯಲ್ಲಿ ಹೊರಬಂದರೆ ಭಾರವನ್ನು ಎರಡು ಕಡೆ ಹೊತ್ತಂತಾಗುತ್ತದೆ. ಎರಡು ಕಡೆಯೂ ಅಂಟಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಬಿಗಿಯಬೇಕು. ನೆತ್ತಿಯ ತುದಿಗೆ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳವೊಂದು ಕಳಶವಾಗುತ್ತದೆ. ಮೊಳೆಯನ್ನಂತೂ ಹೊಡೆಯಲೇಬಾರದು. ರಂಗದಂಚಿಗೆ ಗದ್ದವೂರಿ ಕುಳಿತಿರುವವರು ಊರ ಮಕ್ಕಳು; ಕೈಜಾರಿದ ಗದೆ ಬೀಳುವುದು ಅವರ ಮೇಲೆಯೇ.

ತಲೆಯ ಮೇಲಿನಿಂದ ಕೆಳಕ್ಕೆ ಹುರಿಯನ್ನು ಸಾಲಾಗಿ ಅಂಟಿಸಿದರೆ ಕೆತ್ತನೆಯ ಏಣುಗಳಂತೆ ಕಾಣುತ್ತವೆ. ಬರಿಯ ಬಂಗಾರದ ಬಣ್ಣ ದೀಪದ ಬೆಳಕಿಗೆ ತಗಡಿನಂತೆ ಹೊಳೆಯುತ್ತದೆಯೇ ಹೊರತು ಲೋಹದಂತಲ್ಲ. ಹುರಿಯ ಸಂದುಗಳಿಗೆ ಕಂದುಬಣ್ಣ ತುಂಬಿ ಮೇಲ್ಭಾಗವನ್ನು ಬಟ್ಟೆಯಿಂದ ಒರೆಸಿದಾಗ ಹಳ್ಳದಲ್ಲಿ ನೆರಳು ನಿಲ್ಲುತ್ತದೆ.

ಇಷ್ಟಾದರೂ ಕೈಯಲ್ಲಿರುವುದು ಮಗುವೂ ಎತ್ತಬಲ್ಲ ಕಾಗದದ ಉಂಡೆ. ಅದಕ್ಕೆ ಭಾರ ಬರುವುದು ನಟನ ಮೊಣಕಾಲಿನಿಂದ. ಎತ್ತುವಾಗ ಮಂಡಿ ತುಸು ಬಾಗಬೇಕು, ಭುಜ ತಡವಾಗಿ ಮೇಲೇಳಬೇಕು, ಬೀಸಿದ ಗದೆ ಮೈಯನ್ನೇ ಒಂದು ಹೆಜ್ಜೆ ಎಳೆದೊಯ್ಯಬೇಕು. ಬಲ್ಲ ಮೇಷ್ಟರು ಅಭ್ಯಾಸದ ದಿನಗಳಲ್ಲಿ ಒನಕೆಯನ್ನು ಕೊಟ್ಟು ಎತ್ತಿಸುತ್ತಾರೆ. ಮೈಗೆ ಆ ನೆನಪು ಉಳಿಯಲಿ ಎಂದು. ಕೃಷ್ಣನು ತೊಡೆ ತಟ್ಟಿ ತೋರಿದಾಗ ಭೀಮನ ಗದೆ ಕೌರವನ ತೊಡೆಯಿಂದ ಗೇಣಿನಷ್ಟು ಈಚೆಗೇ ನಿಲ್ಲಬೇಕು. ಆ ಕ್ಷಣಕ್ಕೇ ತಬಲದ ಪೆಟ್ಟು ಬೀಳಬೇಕು, ಕೌರವನೂ ಬೀಳಬೇಕು. ಮೂವರಲ್ಲಿ ಒಬ್ಬರು ತಪ್ಪಿದರೂ ಗದೆ ಕಾಗದದ್ದೆಂದು ಸಭೆಗೆಲ್ಲ ತಿಳಿದುಹೋಗುತ್ತದೆ.

ನಾಟಕ ಮುಗಿದ ಮೇಲೆ ಗದೆಯನ್ನು ಅಟ್ಟಕ್ಕೆ ಎಸೆಯುವುದಿಲ್ಲ. ಮೈದಾ ಅಂಟಿನ ವಾಸನೆಗೆ ಇಲಿ ಬರುತ್ತದೆಂದು ತೊಲೆಯಿಂದ ಹಗ್ಗ ಇಳಿಬಿಟ್ಟು ತೂಗುಹಾಕುತ್ತಾರೆ.