ಯುಕಟಾನಿನ ಸೆನೋಟೆಗಳು: ನೀರೊಳಗಿನ ಗುಹೆಗಳಲ್ಲಿ ಡೈವಿಂಗ್ ಮತ್ತು ಛಾಯಾಗ್ರಹಣ

ಮೆಕ್ಸಿಕೋದ ಯುಕಟಾನ್ ಪರ್ಯಾಯ ದ್ವೀಪದ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ನದಿಗಳು ಇಲ್ಲವೆನ್ನುವಷ್ಟು ವಿರಳ. ಅಲ್ಲಿ ಸುರಿದ ಮಳೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ, ಕಲ್ಲನ್ನು ಕರಗಿಸುತ್ತ, ನೆಲದಡಿಯಲ್ಲೇ ದಾರಿ ಮಾಡಿಕೊಂಡು ಕಡಲು ಸೇರುತ್ತದೆ. ಹೀಗೆ ಟೊಳ್ಳಾದ ನೆಲದ ಚಾವಣಿ ಅಲ್ಲಲ್ಲಿ ಕುಸಿದು ತೆರೆದುಕೊಂಡ ನೀರಿನ ಬಾಯಿಗಳಿಗೆ ಮಾಯಾ ಭಾಷೆಯ ಮೂಲದಿಂದ ಬಂದ ‘ಸೆನೋಟೆ’ ಎಂಬ ಹೆಸರಿದೆ. ಹಿಮಯುಗದಲ್ಲಿ ಸಮುದ್ರಮಟ್ಟ ಬಹಳ ತಗ್ಗಿದ್ದಾಗ ಈ ಗುಹೆಗಳು ಒಣಗಿದ್ದವು. ಆಗ ಚಾವಣಿಯಿಂದ ತೊಟ್ಟಿಕ್ಕಿದ ನೀರು ಬಿಟ್ಟುಹೋದ ಸುಣ್ಣವೇ ಹೆಪ್ಪುಗಟ್ಟಿ ಇಳಿಬಿದ್ದ ಕಲ್ಲುಕಡ್ಡಿಗಳಾಯಿತು. ಸ್ಟ್ಯಾಲಕ್ಟೈಟ್ ಎಂದು ಕರೆಯಲಾಗುವ ಇವು ನೀರಿನೊಳಗೆ ಹುಟ್ಟಲಾರವು. ಆದ್ದರಿಂದ ಡೈವರ್ ಒಬ್ಬರ ಫಿನ್ ತಗುಲಿ ಮುರಿದದ್ದು ಮತ್ತೆ ಬೆಳೆಯುವುದಿಲ್ಲ.

ಈ ಜಲಗುಹೆಗಳ ಹರಹು ಬೆರಗು ಹುಟ್ಟಿಸುವಂಥದು. ಸಾಕ್ ಆಕ್ಟುನ್ ಮತ್ತು ಡೋಸ್ ಓಹೋಸ್ ಎಂಬ ಎರಡು ಗುಹಾಜಾಲಗಳು ಒಂದೇ ಎಂಬುದು 2018ರಲ್ಲಿ ಖಚಿತವಾದಾಗ ಅಳೆದ ಉದ್ದ ಸುಮಾರು 347 ಕಿ.ಮೀ. ಆಗಿತ್ತು. ಇದೇ ಪ್ರದೇಶದ ಓಯೋ ನೆಗ್ರೋ ಎಂಬ ಆಳದ ಕುಳಿಯಲ್ಲಿ 2007ರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಹದಿಹರೆಯದ ಹುಡುಗಿಯ ಅಸ್ಥಿಪಂಜರ ಸಿಕ್ಕಿತು.

ದಾಟಬಾರದ ಎಲ್ಲೆ

ಪ್ರವಾಸಿಗರಿಗೆ ತೆರೆದಿರುವುದು ಇಡೀ ಗುಹೆಯಲ್ಲ, ಅದರ ಬಾಯಿಯ ಆಸುಪಾಸಿನ ಬೆಳಕಿನ ವಲಯ ಮಾತ್ರ. ಇದನ್ನು ಡೈವರ್‌ಗಳು ಕ್ಯಾವರ್ನ್ ಎನ್ನುತ್ತಾರೆ. ಹೊರಗಿನ ಹಗಲು ಸದಾ ಕಣ್ಣಿಗೆ ಬೀಳುತ್ತಿರಬೇಕು, ತೆರೆದ ನೀರಿನಿಂದ 60 ಮೀಟರಿಗಿಂತ ಹೆಚ್ಚು ದೂರ ಹೋಗಬಾರದು, ಬಾಯಿಯಿಂದ ತುಂಡಾಗದೆ ಸಾಗುವ ಮಾರ್ಗದಾರವನ್ನು ಬಿಟ್ಟು ಅಗಲಬಾರದು ಎಂಬುವು ಅಲ್ಲಿನ ಮುಖ್ಯ ನಿಯಮಗಳು. ಬೆಳಕು ಮುಗಿದು ನಿಜವಾದ ಗುಹೆ ಆರಂಭವಾಗುವ ಕಡೆ, ಮುಂದೆ ಸಾವಿದೆಯೆಂದು ಚಿತ್ರಸಹಿತ ಎಚ್ಚರಿಸುವ ಫಲಕಗಳನ್ನು ನೆಡಲಾಗಿದೆ. ಅವುಗಳಾಚೆಗೆ ಹೋಗಲು ಪ್ರತ್ಯೇಕ ಗುಹಾ ಡೈವಿಂಗ್ ತರಬೇತಿ ಅನಿವಾರ್ಯ.

ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಡೈವಿಂಗ್ ಕಲಿತವರಿಗೆ, ತೊಂದರೆಯಾದರೆ ಮೇಲಕ್ಕೇರಬಹುದೆಂಬ ಭರವಸೆ ರೂಢಿಯಾಗಿರುತ್ತದೆ. ಗುಹೆಯಲ್ಲಿ ತಲೆಯ ಮೇಲೆ ಬಂಡೆಯಿರುವುದರಿಂದ ಆ ಭರವಸೆ ಇಲ್ಲಿ ಸಲ್ಲದು. ಆದ್ದರಿಂದಲೇ ಗಾಳಿಯನ್ನು ಮೂರು ಪಾಲು ಮಾಡುವ ಕ್ರಮವಿದೆ: ಸಿಲಿಂಡರಿನಲ್ಲಿ 210 ಬಾರ್ ಒತ್ತಡವಿದ್ದರೆ ಒಳಗೆ ಸಾಗಲು 70, ಮರಳಲು 70, ಉಳಿದ 70 ಅವಘಡಕ್ಕೆ ಮೀಸಲು, ಗುಂಪಿನ ಯಾರೊಬ್ಬರ ಮಾಪಕವಾದರೂ 140ಕ್ಕೆ ಇಳಿದೊಡನೆ ಎಲ್ಲರೂ ಹಿಂದಿರುಗಬೇಕು. ಮಾರ್ಗದರ್ಶಿಗೆ ಪೂರ್ಣ ಗುಹಾ ಡೈವಿಂಗ್ ಅರ್ಹತೆ ಇದೆಯೇ, ಒಬ್ಬರ ಹಿಂದೆ ನಾಲ್ವರಿಗಿಂತ ಹೆಚ್ಚು ಮಂದಿ ಇಲ್ಲವೇ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ ತಿಳಿಯುವುದು ಸಂಕೋಚಪಡಬೇಕಾದ ಸಂಗತಿಯಲ್ಲ.

ಎಲ್ಲಿ ಇಳಿಯಬೇಕು

ಮೊದಲ ಬಾರಿಗೆ ಬರುವವರಿಗೆ ಟುಲುಮ್ ಪಟ್ಟಣದ ಉತ್ತರಕ್ಕಿರುವ ಡೋಸ್ ಓಹೋಸ್ ಸೂಕ್ತ. ‘ಎರಡು ಕಣ್ಣುಗಳು’ ಎಂಬ ಅರ್ಥದ ಈ ಸೆನೋಟೆಯಲ್ಲಿ ಆಳ ಸುಮಾರು 10 ಮೀಟರ್ ಮಾತ್ರ. ಇಲ್ಲಿನ ಒಂದು ದಾರಿಗೆ ಆಟಿಕೆ ಮೊಸಳೆಯ ಬಾಯಲ್ಲಿರುವ ಬಾರ್ಬಿ ಗೊಂಬೆಯಿಂದಲೂ, ಇನ್ನೊಂದಕ್ಕೆ ಬಾವಲಿಗಳಿಂದಲೂ ಹೆಸರು ಬಂದಿದೆ. ಆಳದ ಡೈವಿಂಗ್ ಅನುಭವವುಳ್ಳವರು ಟುಲುಮಿನ ದಕ್ಷಿಣದ ಆಂಖೆಲಿತಾಗೆ ಹೋಗಬಹುದು. ಅಲ್ಲಿ ಸುಮಾರು 30 ಮೀಟರ್ ಆಳದಲ್ಲಿ, ಕೊಳೆಯುವ ಎಲೆಕಡ್ಡಿಗಳಿಂದ ಹುಟ್ಟಿದ ಹೈಡ್ರೋಜನ್ ಸಲ್ಫೈಡ್ ಬಿಳಿ ಮೋಡದಂತೆ ಹಾಸಿಕೊಂಡು, ಅದರೊಳಗಿಂದ ಮರದ ಕೊಂಬೆಗಳು ತಲೆಯೆತ್ತಿರುತ್ತವೆ.

ಹೊರಡುವ ಮುನ್ನ

ಕ್ಯಾಂಕುನ್ ವಿಮಾನ ನಿಲ್ದಾಣದಿಂದ ಟುಲುಮ್ ಸುಮಾರು 120 ಕಿ.ಮೀ.; ಟುಲುಮಿನ ಸ್ವಂತ ನಿಲ್ದಾಣವೂ 2023ರ ಡಿಸೆಂಬರಿನಲ್ಲಿ ಆರಂಭವಾಗಿದೆ. ನೀರಿನ ಉಷ್ಣತೆ ವರ್ಷವಿಡೀ 24–25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇದ್ದರೂ, ಚಿತ್ರಕ್ಕಾಗಿ ಅಲುಗಾಡದೆ ನಿಂತವರಿಗೆ ಬೇಗ ಚಳಿ ಹತ್ತುವುದರಿಂದ 5 ಮಿ.ಮೀ. ದಪ್ಪದ ವೆಟ್‌ಸೂಟ್ ಬೇಕು. ಅನೇಕ ಸೆನೋಟೆಗಳು ಎಖೀದೋ ಎಂಬ ಗ್ರಾಮ ಸಮುದಾಯಗಳ ಒಡೆತನದಲ್ಲಿದ್ದು, ಪ್ರವೇಶ ಶುಲ್ಕದ ಜೊತೆಗೆ ಕ್ಯಾಮೆರಾ ಶುಲ್ಕವನ್ನೂ ಪಡೆಯುವುದುಂಟು. ಪೆಸೋ ನಗದು ಕೈಯಲ್ಲಿರಲಿ. ಸೆನೋಟೆ ಊರಿನ ಕುಡಿಯುವ ನೀರಿನ ಮೂಲವೂ ಆದ್ದರಿಂದ ಸನ್‌ಸ್ಕ್ರೀನ್ ಅಥವಾ ಸೊಳ್ಳೆ ಮುಲಾಮು ಹಚ್ಚಿಕೊಂಡು ಇಳಿಯುವುದು ಸಲ್ಲದು. ಕೊನೆಯ ಡೈವಿಗೂ ಮರುಪ್ರಯಾಣದ ವಿಮಾನಕ್ಕೂ ನಡುವೆ ಒಂದು ಇಡೀ ದಿನದ ಬಿಡುವು ಇಟ್ಟುಕೊಳ್ಳಬೇಕು.

ಬೆಳಕು ಮತ್ತು ಕ್ಯಾಮೆರಾ

ಟುಲುಮ್ 20 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಕೊನೆಯಿಂದ ಜುಲೈವರೆಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಬಂದು, ಬಿಸಿಲ ಕೋಲುಗಳು ನೀರಿನಾಳಕ್ಕೆ ನೆಟ್ಟಗೆ ಇಳಿಯುತ್ತವೆ. ಅಲ್ಲಿನ ಗಡಿಯಾರದಲ್ಲಿ ನಡುಹಗಲು ಒಂದು ಗಂಟೆಗೆ ಸಮೀಪ ಬೀಳುವುದನ್ನು ಮರೆಯಬಾರದು. ಈ ಕೋಲುಗಳನ್ನು ಸೆರೆಹಿಡಿಯುವಾಗ ಫ್ಲ್ಯಾಶ್ ಆರಿಸಿ, ಐಎಸ್ಒ ಏರಿಸಿ, ಬಾಯಿಯ ಕಡೆಗೆ ಮುಖ ಮಾಡಿದ ಅಗಲ ನೋಟದ ಮಸೂರದಿಂದ ತೆಗೆಯುವುದು ಒಳ್ಳೆಯದು. ಕಲ್ಲುಕಡ್ಡಿಗಳ ಬಣ್ಣ ತೋರಿಸಬೇಕಾದಲ್ಲಿ ಮಾತ್ರ ಫ್ಲ್ಯಾಶ್ ಅಗತ್ಯ.

ಕೆಳಗಿನ ಉಪ್ಪುನೀರು ಮತ್ತು ಮೇಲಿನ ಸಿಹಿನೀರು ಸಂಧಿಸುವ ಪದರಕ್ಕೆ ಹಾಲೊಕ್ಲೈನ್ ಎಂದು ಹೆಸರು. ಮುಂದೆ ಹೋದವರು ಅದನ್ನು ಕಲಕಿದರೆ ಹಿಂದಿನವರಿಗೆ ನೋಟವೆಲ್ಲ ಎಣ್ಣೆ ಬೆರೆತ ನೀರಿನಂತೆ ಕದಡುತ್ತದೆ. ಉಸಿರಿನ ಗುಳ್ಳೆಗಳು ಚಾವಣಿಗೆ ಬಡಿದಾಗಲೂ ಪುಡಿ ಉದುರಿ ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ನಿಲ್ಲುತ್ತದೆ. ಆದ್ದರಿಂದ ಒಳಗೆ ಸಾಗುವಾಗಲೇ ಚಿತ್ರ ತೆಗೆಯಬೇಕು. ಮೈಯನ್ನು ಅಡ್ಡವಾಗಿ ಸಮತೋಲದಲ್ಲಿಟ್ಟು, ಕೆಳಗಿನ ಹೂಳು ಏಳದಂತೆ ಕಪ್ಪೆಯ ಹಾಗೆ ಕಾಲಾಡಿಸಬೇಕು. ಈ ಹತೋಟಿ ಬರುವವರೆಗೆ, ಕನಿಷ್ಠ ಮೊದಲ ದಿನವಾದರೂ, ಕ್ಯಾಮೆರಾ ದಡದಲ್ಲೇ ಉಳಿಯುವುದು ಕ್ಷೇಮ.

ಒಳ್ಳೆಯ ಚಿತ್ರಕ್ಕೆ ಬೇಕಾದ ನಿಶ್ಚಲತೆಯೇ ಕಲ್ಲುಕಡ್ಡಿಯನ್ನೂ ಜೀವವನ್ನೂ ಉಳಿಸುತ್ತದೆ. ಚೌಕಟ್ಟಿನಲ್ಲಿ ಹಗಲಿನ ನೀಲಿ ಕಾಣುತ್ತಿರುವವರೆಗೆ ಛಾಯಾಗ್ರಾಹಕರಿಗೆ ಹೊರಬರುವ ದಾರಿಯೂ ಕಾಣುತ್ತಿರುತ್ತದೆ.