ಕಂಪ್ಯೂಟರ್ ಪಾಠ: ಎಫ್ ಕೀಗಳಿಗೆ ನಿಮ್ಮದೇ ಕೆಲಸ ಕೊಡಿ

ಸಂಘದ ನಡಾವಳಿ, ಸಾಲದ ಅರ್ಜಿ, ಸದಸ್ಯರ ಪಟ್ಟಿ ಟೈಪ್ ಮಾಡುವ ಸಹೋದರಿಯರೇ, ದಿನಕ್ಕೆ ಎಷ್ಟು ಸಲ ಕೈ ಮೌಸ್ ಕಡೆ ಹೋಗುತ್ತದೆ ಅಂತ ಒಮ್ಮೆ ಎಣಿಸಿ ನೋಡಿ. ಸಂಜೆಗೆ ಮಣಿಕಟ್ಟು ನೋಯೋದಕ್ಕೆ ಅದೂ ಒಂದು ಕಾರಣ. ಹಾಳೆಗೆ ಇಷ್ಟು ಎಂದು ಕೂಲಿ ಪಡೆಯುವವರಿಗಂತೂ ಸಮಯವೇ ದುಡ್ಡು.

ಲಿಬ್ರೆ ಆಫೀಸ್ ಎಂಬುದು ಉಚಿತ ತಂತ್ರಾಂಶ. ಇದರ ರೈಟರ್‌ನಲ್ಲಿ ಎಫ್ 7 ಒತ್ತಿದರೆ ಕಾಗುಣಿತ ಪರೀಕ್ಷೆ, ಎಫ್ 12 ಒತ್ತಿದರೆ ಸಾಲುಗಳಿಗೆ ಕ್ರಮಸಂಖ್ಯೆ. ಇವು ಉಪಯೋಗಕ್ಕೆ ಬರುತ್ತವೆ, ಇರಲಿ. ಆದರೆ ಎಫ್ 8? ಅದನ್ನು ಒತ್ತಿದ ಮೇಲೆ ಬಾಣದ ಕೀ ಮುಟ್ಟಿದರೆ ಸಾಕು, ಅಕ್ಷರಗಳು ಆಯ್ಕೆಯಾಗುತ್ತಾ ಹೋಗುತ್ತವೆ. ಗೊತ್ತಿಲ್ಲದೆ ಟೈಪ್ ಮಾಡಿದಿರೋ, ಆಯ್ಕೆಯಾದದ್ದೆಲ್ಲ ಮಾಯ! ನಾನೇ ಹೀಗೆ ಅರ್ಧ ಪುಟ ನಡಾವಳಿ ಅಳಿಸಿದ್ದೆ. ಕಂಟ್ರೋಲ್ ಝಡ್ ಒತ್ತಿದ್ದರಿಂದ ವಾಪಸ್ ಬಂತು.

ಈ ಕೀಗೆ ಬೇರೆ ಕೆಲಸ ಕೊಡೋಣ. ವಾಟ್ಸ್‌ಆ್ಯಪ್‌ನಿಂದಲೋ ಬೇರೆ ಕಡತದಿಂದಲೋ ಬರಹ ತಂದು ಅಂಟಿಸಿದಾಗ ಅದರ ಬಣ್ಣ, ಅಕ್ಷರದ ಗಾತ್ರವೂ ಜೊತೆಗೇ ಬಂದು ಪುಟ ಕೆಡುತ್ತದಲ್ಲ? ಬರೀ ಅಕ್ಷರ ಮಾತ್ರ ಅಂಟಿಸಲು ಕಂಟ್ರೋಲ್, ಆಲ್ಟ್, ಶಿಫ್ಟ್, ವಿ ಹೀಗೆ ನಾಲ್ಕು ಕೀ ಒಟ್ಟಿಗೆ ಒತ್ತಬೇಕು. ಒಂದೇ ಬೆರಳಲ್ಲಿ ಆಗುವಂತೆ ಮಾಡಬಹುದು.

ಟೂಲ್ಸ್ ಮೆನುವಿನಲ್ಲಿ ಕಸ್ಟಮೈಸ್ ತೆರೆದು, ಕೀಬೋರ್ಡ್ ಎಂಬ ಹಾಳೆಗೆ ಹೋಗಿ. ಬಲಕ್ಕೆ ಲಿಬ್ರೆ ಆಫೀಸ್, ರೈಟರ್ ಎಂದು ಎರಡು ಆಯ್ಕೆ ಇರುತ್ತವೆ. ರೈಟರ್ ಆರಿಸಿ, ಇಲ್ಲದಿದ್ದರೆ ಲೆಕ್ಕದ ಹಾಳೆಯಲ್ಲೂ ಕೀ ಬದಲಾದೀತು. ಮೇಲಿನ ಪಟ್ಟಿಯಲ್ಲಿ ಎಫ್ 8 ಗುರುತಿಸಿ. ಕೆಳಗೆ ಎಡಿಟ್ ವರ್ಗದಲ್ಲಿ ‘ಪೇಸ್ಟ್ ಅನ್‌ಫಾರ್ಮ್ಯಾಟೆಡ್ ಟೆಕ್ಸ್ಟ್’ ಹುಡುಕಿ, ಅಸೈನ್ ಒತ್ತಿ (ಹಳೆಯ ಆವೃತ್ತಿಯಲ್ಲಿ ಮಾಡಿಫೈ ಅಂತಿರುತ್ತದೆ), ಓಕೆ ಕೊಡಿ. ಮುಗೀತು. ಪಟ್ಟಿಯಲ್ಲಿ ಮಸುಕಾಗಿ ಕಾಣುವ ಎಫ್ 1ರಂಥ ಕೀಗಳನ್ನು ಬದಲಿಸಲು ಬರೋದಿಲ್ಲ. ಬರಹ ತಂತ್ರಾಂಶ ಬಳಸುವವರು ಎಫ್ 11ರ ತಂಟೆಗೆ ಹೋಗಬೇಡಿ, ಕನ್ನಡ–ಇಂಗ್ಲಿಷ್ ಬದಲಿಸಲು ಅದು ಬೇಕು.

ಲ್ಯಾಪ್‌ಟಾಪ್‌ನಲ್ಲಿ ಎಫ್ 8 ಒತ್ತಿದರೆ ಧ್ವನಿಯೋ ಬೆಳಕೋ ಹೆಚ್ಚುಕಡಿಮೆ ಆದರೆ ಗಾಬರಿ ಬೇಡ. ಮೂಲೆಯ ಎಫ್‌ಎನ್ ಕೀ ಹಿಡಿದು ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಕೂಡಿಸಿ ಒತ್ತಿದರೆ ಈ ತೊಂದರೆಯೇ ಇರೋದಿಲ್ಲ.

ಕಚೇರಿಯ ಕಂಪ್ಯೂಟರ್‌ಗೆ ನಾಲ್ಕು ಜನ ಕೂರುತ್ತಾರಾದರೆ ಮೊದಲು ಅವರನ್ನೂ ಕೇಳಿ. ನಿಮಗೆ ಅನುಕೂಲವಾದ ಕೀ ಇನ್ನೊಬ್ಬರ ಕೆಲಸ ಕೆಡಿಸೀತು. ಬದಲಾವಣೆಗಳನ್ನು ಅದೇ ಹಾಳೆಯ ಸೇವ್ ಗುಂಡಿಯಿಂದ ಪೆನ್‌ಡ್ರೈವ್‌ಗೆ ಉಳಿಸಿಕೊಂಡರೆ ಬೇರೆ ಕಂಪ್ಯೂಟರ್‌ನಲ್ಲಿ ಲೋಡ್ ಮಾಡಿಕೊಳ್ಳಬಹುದು. ರೀಸೆಟ್ ಒತ್ತುವಾಗ ಮಾತ್ರ ಜೋಪಾನ. ಒಂದಲ್ಲ, ನೀವು ಮಾಡಿದ ಎಲ್ಲ ಬದಲಾವಣೆಗಳೂ ಹೋಗುತ್ತವೆ.