ಕಚೇರಿಯ ಕಿರುಬರಹ

೨೦೦೬ರಲ್ಲಿ ಹುಟ್ಟಿದ ಟ್ವಿಟರಿನ ಬರಹಕ್ಕೆ ೨೦೧೭ರವರೆಗೆ ೧೪೦ ಅಕ್ಷರಗಳ ಮಿತಿಯಿದ್ದಿತು. ಈ ಮಿತಿ ಎಲ್ಲಿಂದ ಬಂದಿತು? ಮೊಬೈಲಿನ ಒಂದು ಕಿರುಸಂದೇಶದಲ್ಲಿ ಹಿಡಿಸುವ ರೋಮನ್ ಅಕ್ಷರಗಳು ೧೬೦; ಅವುಗಳಲ್ಲಿ ೨೦ನ್ನು ಬರೆದವರ ಹೆಸರಿಗೆ ಮೀಸಲಿರಿಸಿದ್ದರು. ಕನ್ನಡದಲ್ಲಿ ಬರೆದರೆ ಅದೇ ಸಂದೇಶದಲ್ಲಿ ೭೦ ಸಂಕೇತಗಳಿಗಷ್ಟೇ ಸ್ಥಳ. ‘ಸ್ತ್ರೀ’ ಎಂಬ ಒಂದೇ ಅಕ್ಷರವು ಆರು ಸಂಕೇತಗಳನ್ನು ನುಂಗುತ್ತದೆ!

೨೦೦೮ರಲ್ಲಿ ಬಂದ ಯಾಮರ್ ಈ ಮೈಕ್ರೋಬ್ಲಾಗ್ ಕ್ರಮವನ್ನು ಕಚೇರಿಯೊಳಕ್ಕೆ ತಂದು, ‘ಯಾವ ಕೆಲಸದಲ್ಲಿ ತೊಡಗಿದ್ದೀರಿ?’ ಎಂದು ನೌಕರರನ್ನು ಕೇಳಿತು. ಉತ್ತರಿಸಲು ಕಲಿಯುವ ನಾವು ಒಂದು ಬರಹಕ್ಕೆ ಒಂದೇ ವಿಷಯವೆಂದು ಮೊದಲು ನಿಶ್ಚಯಿಸಿಕೊಳ್ಳೋಣ. ‘ಯಂತ್ರ ಕೆಟ್ಟಿದೆ’ ಎಂದರೆ ಓದಿದ ಹತ್ತು ಮಂದಿಯೂ ಯಾವ ಯಂತ್ರವೆಂದು ಕೇಳುವರು. ‘ಎರಡನೆಯ ಕುಲುಮೆಯ ಉಷ್ಣಮಾಪಕ ಕೆಟ್ಟಿದೆ, ಯಾರೂ ಹೊತ್ತಿಸಬೇಡಿ, ಮೂರು ಗಂಟೆಗೆ ದುರಸ್ತಿ’ ಎಂದರೆ ಪ್ರಶ್ನೆಯೇ ಏಳದು. ಆದರೆ ಇಂಥ ಎಚ್ಚರಿಕೆಯನ್ನು ಬರೆದು ಸುಮ್ಮನಾಗಬಾರದು. ಪರದೆಯನ್ನು ನೋಡದವನೊಬ್ಬನು ಕುಲುಮೆಯ ಬಳಿಯೇ ಇರಬಹುದು. ಅವನಿಗೆ ನಡೆದುಹೋಗಿಯೇ ಹೇಳಬೇಕು.